ಹಳೇ ಡಿಪಾರ್ಟ್‌ಮೆಂಟ್ ಸ್ಟೋರಿನ ಹೆಸರು ಉಳಿಸ್ಬೇಕು ಅಂದ್ರೆ ಯಾವ ದಾರಿ ಹಿಡೀಬೇಕು? ಮಾರ್ಷಲ್ ಫೀಲ್ಡ್ಸ್ ಇಟ್ಕೊಂಡು ಒಂದು ಹೋಲಿಕೆ

ಶಿಕಾಗೋದ ಸ್ಟೇಟ್ ಸ್ಟ್ರೀಟಲ್ಲಿ ಒಂದಿಡೀ ಬ್ಲಾಕ್ ಆವರಿಸ್ಕೊಂಡು ನಿಂತಿರೋ ಅಂಗಡಿ ಇದೆಯಲ್ಲ, ಅದರ ಬಾಗಿಲ ಮೇಲೆ, ಕೈಗೆ ಕೊಡೋ ಚೀಲದ ಮೇಲೆ, ಬಿಲ್ಲಿನ ಮೇಲೆ ಎಲ್ಲಾ ಕಡೆ ಮೇಸೀಸ್ (ದೇಶ ಪೂರ್ತಿ ಅಂಗಡಿ ಇರೋ ಕಂಪನಿ) ಅಂತ ಹೆಸರು, ಜೊತೆಗೆ ಕೆಂಪು ನಕ್ಷತ್ರ. ಆದ್ರೆ ಕಟ್ಟಡದ ಮೂಲೆಗೆ ಹೋಗಿ ಗೋಡೆ ನೋಡಿದ್ರೆ ಅಲ್ಲಿರೋ ಕಂಚಿನ ಫಲಕದಲ್ಲಿ ಇವತ್ತಿಗೂ ಮಾರ್ಷಲ್ ಫೀಲ್ಡ್ ಅಂಡ್ ಕಂಪನಿ ಅಂತಾನೇ ಇದೆ. ಅದೇ ಈ ಅಂಗಡಿಯ ಹಳೇ ಹೆಸರು, ಊರಿನವರ ಬಾಯಲ್ಲಿ ಮಾರ್ಷಲ್ ಫೀಲ್ಡ್ಸ್, ಇಲ್ಲಾ ಬರೀ ಫೀಲ್ಡ್ಸ್. 2006ರ ಸೆಪ್ಟೆಂಬರ್ 9ಕ್ಕೆ ಆ ಹೆಸರು ವ್ಯಾಪಾರದಿಂದ ಹೋಯ್ತು, ಅವತ್ತೇ ಜನ ಮೂಲೆಯ ಗಡಿಯಾರದ ಕೆಳಗೆ ಸೇರಿ ಪ್ರತಿಭಟನೆ ಮಾಡಿದ್ರು, ಆಮೇಲೂ ವರ್ಷಗಟ್ಟಲೆ ಅದೇ ಜಾಗಕ್ಕೆ ಬಂದು ನಿಂತ್ರು, ಹಳೇ ಬೋರ್ಡ್ ಮಾತ್ರ ವಾಪಸ್ ಬರ್ಲಿಲ್ಲ.

ಈಗ ವಿಷಯ ಏನಪ್ಪಾ ಅಂದ್ರೆ, ಇಂಥ ಅಂಗಡಿ ಮುಚ್ಚತ್ತೆ ಅಥವಾ ಹೆಸರು ಬದಲಾಗತ್ತೆ ಅಂತ ಸುದ್ದಿ ಬಂದ ತಕ್ಷಣ ಎಲ್ಲರೂ "ಉಳಿಸಿ ಉಳಿಸಿ" ಅಂತ ಕೂಗ್ತಾರೆ, ಆದ್ರೆ ಏನು ಉಳಿಸ್ಬೇಕು ಅಂತ ಕೇಳಿದ್ರೆ ಒಬ್ಬೊಬ್ಬರದ್ದು ಒಂದೊಂದು ಉತ್ತರ. ಒಬ್ಬರಿಗೆ ಬೋರ್ಡ್ ವಾಪಸ್ ಬೇಕು, ಒಬ್ಬರಿಗೆ ಕಟ್ಟಡ ಕೆಡವದೇ ಇದ್ರೆ ಸಾಕು, ಇನ್ನೊಬ್ಬರಿಗೆ ಕ್ರಿಸ್‌ಮಸ್ ಹೊತ್ತಲ್ಲಿ ಅಜ್ಜಿ ಜೊತೆ ಊಟಕ್ಕೆ ಹೋಗ್ತಿದ್ದ ಆ ಹಾಲ್ ಇರ್ಬೇಕು, ಅಲ್ಲೇ ಮೂವತ್ತು ವರ್ಷ ಕೆಲಸ ಮಾಡಿದವರಿಗೆ ತಮ್ಮ ದುಡಿಮೆಯ ಕಥೆ ಎಲ್ಲಾದ್ರೂ ದಾಖಲಾಗ್ಬೇಕು. ಇದೆಲ್ಲಾ ಒಂದೇ ಹೋರಾಟ ಅಂದ್ಕೊಂಡು ಹೊರಟ್ರೆ ಶಕ್ತಿ ಎಲ್ಲಾ ಪೋಲು. ಯಾಕಂದ್ರೆ ಪ್ರತಿಯೊಂದಕ್ಕೂ ಕಾನೂನು ಬೇರೆ, ಹಣ ಬೇರೆ, ಯಾರ ಕೈಯಲ್ಲಿ ಅಧಿಕಾರ ಇದೆ ಅನ್ನೋದೂ ಬೇರೆ. ಅದಕ್ಕೇ ಒಂದೊಂದು ದಾರಿಯನ್ನೂ ಪಕ್ಕ ಪಕ್ಕ ಇಟ್ಟು ನೋಡೋಣ, ನನ್ನ ಒಲವು ಯಾವ ಕಡೆ ಅನ್ನೋದನ್ನೂ ಮುಚ್ಚಿಡಲ್ಲ.

ಮೊದಲು ಒಂದು ಕಹಿ ಮಾತು ಹೇಳ್ಬಿಡ್ತೀನಿ. ಫೀಲ್ಡ್ಸ್ ಹೆಸರು ಹೋಯ್ತು ಅಂತ ಶಿಕಾಗೋದವರು ಅತ್ತರು, ನಿಜ. ಆದ್ರೆ 2001ರಲ್ಲಿ, ಆಗ ಮಾಲೀಕರಾಗಿದ್ದ ಟಾರ್ಗೆಟ್ ಕಂಪನಿ ಮಿನಿಯಾಪೊಲಿಸ್‌ನ ಡೇಟನ್ಸ್, ಡೆಟ್ರಾಯಿಟ್‌ನ ಹಡ್ಸನ್ಸ್ ಎರಡರ ಬೋರ್ಡೂ ಕಿತ್ತು ಅಲ್ಲಿ ಹಾಕಿದ್ದು ಯಾವ ಹೆಸರು ಗೊತ್ತಾ? ಮಾರ್ಷಲ್ ಫೀಲ್ಡ್ಸ್! ಅಂದ್ರೆ ಐದು ವರ್ಷ ಮುಂಚೆ ಇದೇ ಹೆಸರು ಇನ್ನೆರಡು ಊರಿನ ಹೆಸರನ್ನ ನುಂಗಿತ್ತು. ಇದು ಯಾಕೆ ಹೇಳ್ತಿದ್ದೀನಿ ಅಂದ್ರೆ, ಬೋರ್ಡ್ ಮೇಲಿನ ಹೆಸರು ಪೂರ್ತಿ ಮಾಲೀಕರ ಲೆಕ್ಕಾಚಾರಕ್ಕೆ ಸೇರಿದ್ದು, ಊರಿನವರ ಪ್ರೀತಿಗೆ ಅಲ್ಲಿ ಓಟ್ ಇಲ್ಲ.

ದಾರಿ ಒಂದು: ನಡೀತಿರೋ ಅಂಗಡಿಗೇ ಹಳೇ ಹೆಸರು ವಾಪಸ್ ತರೋದು

ಎಲ್ಲರಿಗೂ ಮೊದಲು ಬೇಕಾಗೋದು ಇದೇ, ಸಿಗೋದು ಕಷ್ಟ ಆಗಿರೋದೂ ಇದೇ. ಫೀಲ್ಡ್ಸ್ ಕೈ ಬದಲಾಗಿದ್ದು ನೋಡಿ: 1990ರಲ್ಲಿ ಡೇಟನ್-ಹಡ್ಸನ್ ತಗೊಂಡ್ರು (ಅದೇ ಕಂಪನಿ ಆಮೇಲೆ ಟಾರ್ಗೆಟ್ ಆಯ್ತು), 2004ರಲ್ಲಿ ಮೇ ಡಿಪಾರ್ಟ್‌ಮೆಂಟ್ ಸ್ಟೋರ್ಸ್‌ಗೆ ಮಾರಿದ್ರು, 2005ರಲ್ಲಿ ಮೇ ಕಂಪನಿಯನ್ನೇ ಮೇಸೀಸ್‌ನ ಮಾಲೀಕರಾದ ಫೆಡರೇಟೆಡ್ ಕೊಂಡ್ಕೊಂಡ್ರು. ಅವರ ಲೆಕ್ಕ ಸಿಂಪಲ್, ದೇಶ ಪೂರ್ತಿ ಒಂದೇ ಹೆಸರಿದ್ರೆ ಟಿವಿ ಜಾಹೀರಾತು ಒಂದೇ ಸಾಕು, ಕ್ರೆಡಿಟ್ ಕಾರ್ಡ್ ಒಂದೇ, ಚೀಲ ಒಂದೇ. ಹಾಗಾಗಿ ಫೀಲ್ಡ್ಸ್ ಜೊತೆಗೇ ಮೇ ಗುಂಪಿನ ಬೇರೆ ಬೇರೆ ಊರಿನ ಹೆಸರುಗಳೂ ಹೋದ್ವು, ಬಾಸ್ಟನ್‌ನ ಫೈಲೀನ್ಸ್, ಪಿಟ್ಸ್‌ಬರ್ಗ್‌ನ ಕಾಫ್‌ಮನ್ಸ್ ಎಲ್ಲಾ. ಒಂದು ಊರಿಗೆ ವಿನಾಯಿತಿ ಕೊಟ್ರೆ ಮಿಕ್ಕವರೂ ಕೇಳ್ತಾರೆ ಅನ್ನೋ ಭಯ ಬೇರೆ ಇರತ್ತೆ.

ಅದೇ ಗುಂಪು ಬ್ಲೂಮಿಂಗ್‌ಡೇಲ್ಸ್ ಹೆಸರನ್ನ ಮುಟ್ಲಿಲ್ಲ ಅನ್ನೋದನ್ನೂ ಗಮನಿಸಿ. ಯಾಕಂದ್ರೆ ಅದು ಬೇರೆ ದರದ, ಬೇರೆ ಗಿರಾಕಿಗಳ ಅಂಗಡಿ ಅಂತ ಅವರೇ ತೀರ್ಮಾನ ಮಾಡಿದ್ರು. ಹಾಗಾಗಿ ಈ ದಾರಿ ಹಿಡಿಯೋರು ಕಂಪನಿ ಮುಂದೆ "ನಮ್ಮ ನೆನಪು, ನಮ್ಮ ಭಾವನೆ" ಅಂತ ಹೋದ್ರೆ ಕೆಲಸ ಆಗಲ್ಲ, "ಈ ಹೆಸರಲ್ಲಿ ಈ ಒಂದು ಅಂಗಡಿ ನಡೆಸಿದ್ರೆ ನಿಮಗೆ ಬೇರೆ ಗಿರಾಕಿ ಸಿಗ್ತಾನೆ" ಅಂತ ವ್ಯಾಪಾರದ ಭಾಷೆಯಲ್ಲೇ ಹೇಳ್ಬೇಕು. ಷೇರು ತಗೊಂಡು ವಾರ್ಷಿಕ ಸಭೆಯಲ್ಲಿ ಎದ್ದು ಕೇಳೋ ದಾರಿ ಇದೆ, ಬಾಯ್ಕಾಟ್ ಇದೆ. ಖರ್ಚು ಕಡಿಮೆ, ಪ್ರಚಾರ ಚೆನ್ನಾಗಿ ಸಿಗತ್ತೆ, ಆದ್ರೆ ಕೊನೇ ಮಾತು ನಿಮ್ಮದಲ್ಲ. ಇದೊಂದನ್ನೇ ನಂಬ್ಕೊಂಡು ಕೂತ್ರೆ ನೀರಲ್ಲಿ ಹೋಮ ಮಾಡಿದಂಗೆ, ಬೇರೆ ದಾರಿಗಳ ಜೊತೆ ಇಟ್ಕೊಂಡ್ರೆ ಪರವಾಗಿಲ್ಲ.

ಇದರಲ್ಲೇ ಒಂದು ಮಧ್ಯದ ದಾರಿ ಬರತ್ತೆ, ಎರಡೂ ಹೆಸರು ಸೇರಿಸಿ ಇಡೋದು. ಕಂಪನಿಯವರು "ಆಯ್ತು ಬಿಡಿ, ಎರಡೂ ಇರ್ಲಿ" ಅಂದಾಗ ನಾವು ಗೆದ್ವಿ ಅನ್ಸತ್ತೆ. ಹುಷಾರು. ಅಟ್ಲಾಂಟಾದ ರಿಚ್ಸ್, ಫ್ಲಾರಿಡಾದ ಬರ್ಡೈನ್ಸ್, ಒಹಾಯೋದ ಲ್ಯಾಜರಸ್ ಇವೆಲ್ಲಾ ಹಿಂಗೇ ರಿಚ್ಸ್-ಮೇಸೀಸ್, ಬರ್ಡೈನ್ಸ್-ಮೇಸೀಸ್ ಅಂತ ಆದ್ವು, 2005ರ ಮಾರ್ಚ್ ಹೊತ್ತಿಗೆ ಮುಂದಿನ ಅರ್ಧ ಉದುರಿ ಹೋಗಿ ಬರೀ ಮೇಸೀಸ್ ಉಳೀತು. ಜೋಡಿ ಹೆಸರು ಅನ್ನೋದು ಗಿರಾಕಿಗೆ ಹೊಸ ಹೆಸರು ಅಭ್ಯಾಸ ಮಾಡ್ಸೋ ಅವಧಿ ಅಷ್ಟೇ. ಒಪ್ಕೊಳ್ಳೋದಾದ್ರೆ ಇಷ್ಟು ವರ್ಷ ಇರತ್ತೆ ಅಂತ ಬರಹದಲ್ಲಿ ತಗೊಳ್ಳಿ, ಬಾಯಿ ಮಾತಿಗೆ ಒಪ್ಪಬೇಡಿ.

ದಾರಿ ಎರಡು: ಹೆಸರನ್ನೇ ಕೊಂಡ್ಕೊಳ್ಳೋದು

ಅಂಗಡಿ ಹೋದ್ರೆ ಹೋಗ್ಲಿ, ಟ್ರೇಡ್‌ಮಾರ್ಕ್ ತಗೊಂಡು ನಾವೇ ನಡೆಸೋಣ ಅಂತ ಅನ್ಸೋದು ಸಹಜ. ಅಮೆರಿಕದ ಕಾನೂನಲ್ಲಿ ಒಂದು ಹೆಸರನ್ನ ಸತತ ಮೂರು ವರ್ಷ ವ್ಯಾಪಾರದಲ್ಲಿ ಬಳಸ್ಲಿಲ್ಲ ಅಂದ್ರೆ ಮಾಲೀಕರು ಅದನ್ನ ಕೈಬಿಟ್ಟಿದ್ದಾರೆ ಅಂತ ಮೇಲ್ನೋಟಕ್ಕೆ ಭಾವಿಸೋಕೆ ಅವಕಾಶ ಇದೆ. ಇದನ್ನ ಓದಿದ ಕೂಡಲೇ "ಅಯ್ಯೋ ಹಂಗಾದ್ರೆ ಕಾಯೋಣ, ಮೂರು ವರ್ಷ ಆದ್ಮೇಲೆ ನಮ್ಮದೇ" ಅಂತ ಕುಣಿಯೋರಿದ್ದಾರೆ. ದೊಡ್ಡ ಕಂಪನಿಗಳಿಗೂ ಇದು ಗೊತ್ತು ಸ್ವಾಮಿ. ಮೇಸೀಸ್‌ನವರು ಹಳೇ ಅಂಗಡಿಗಳ ಹೆಸರು ಹಾಕಿರೋ ಟೀ ಶರ್ಟ್ ಮಾರಿ ಬಳಕೆ ಜೀವಂತವಾಗಿದೆ ಅಂತ ತೋರಿಸ್ತಾರೆ. ಜಾರ್ಡನ್ ಮಾರ್ಷ್, ಫೈಲೀನ್ಸ್ ಥರದ ಹೆಸರುಗಳನ್ನ ಸ್ಟ್ರಾಟೆಜಿಕ್ ಮಾರ್ಕ್ಸ್ ಅನ್ನೋ ಸಣ್ಣ ಕಂಪನಿ ತನ್ನದು ಮಾಡ್ಕೊಳ್ಳೋಕೆ ಹೊರಟಾಗ ಮೇಸೀಸ್ 2011ರಲ್ಲಿ ಕೋರ್ಟಿಗೇ ಹೋಯ್ತು. ಅಭಿಮಾನಿಗಳ ಗುಂಪಿನ ಕೈಯಲ್ಲಿ ಅಷ್ಟು ವಕೀಲರ ಫೀಸ್ ಕಟ್ಟೋಕೆ ಆಗತ್ತಾ, ಮೊದಲು ಅದು ಯೋಚನೆ ಮಾಡಿ.

ಸರಿ, ಹೆಸರು ನ್ಯಾಯವಾಗಿಯೇ ಸಿಕ್ತು ಅಂದ್ಕೊಳ್ಳೋಣ. ಆಮೇಲೆ? ಬ್ರಿಟನ್ನಲ್ಲಿ ಡೆಬೆನ್‌ಹ್ಯಾಮ್ಸ್ ನೋಡಿ, 1778ರಿಂದ ಬಂದ ಅಂಗಡಿ, 2021ರ ಜನವರಿಯಲ್ಲಿ ಬೂಹೂ ಅನ್ನೋ ಆನ್‌ಲೈನ್ ಬಟ್ಟೆ ಕಂಪನಿ 5.5 ಕೋಟಿ ಪೌಂಡಿಗೆ ಹೆಸರು ಮತ್ತು ವೆಬ್‌ಸೈಟ್ ತಗೊಂಡ್ರು, ಅಂಗಡಿಗಳನ್ನ ತಗೊಳ್ಲಿಲ್ಲ, ಮೇ ತಿಂಗಳಿಗೆ ಕೊನೇ ಅಂಗಡಿಗಳೂ ಬಾಗಿಲು ಹಾಕಿದ್ವು. ತಮಾಷೆ ಅಂದ್ರೆ 2025ರಲ್ಲಿ ಬೂಹೂನೇ ತನ್ನ ಗುಂಪಿನ ಹೆಸರನ್ನ ಡೆಬೆನ್‌ಹ್ಯಾಮ್ಸ್ ಗ್ರೂಪ್ ಅಂತ ಬದಲಾಯಿಸ್ಕೊಳ್ತು. ಹೆಸರಿನ ಮಟ್ಟಿಗೆ ನೋಡಿದ್ರೆ ಭರ್ಜರಿ ಗೆಲುವು, ಕೌಂಟರ್ ಹಿಂದೆ ನಿಂತಿದ್ದವರಿಗೆ ಅದರಿಂದ ಬಂದಿದ್ದು ಸೊನ್ನೆ. ಅದೇ ದೇಶದ ವುಲ್‌ವರ್ತ್ಸ್ ಅಂಗಡಿಗಳು 2009ರ ಜನವರಿಗೆ ಪೂರ್ತಿ ಮುಚ್ಚಿದ ಮೇಲೆ ಹೆಸರು ಒಂದು ಆನ್‌ಲೈನ್ ಅಂಗಡಿಯಾಗಿ ಮುಂದುವರೀತು, ಅದೂ 2015ಕ್ಕೆ ನಿಂತು ಹೋಯ್ತು.

ಕೆನಡಾದ ಹಡ್ಸನ್ಸ್ ಬೇ (ಡೆಟ್ರಾಯಿಟ್‌ನ ಹಡ್ಸನ್ಸ್ ಬೇರೆ, ಇದು ಬೇರೆ) ಇನ್ನೂ ತಾಜಾ ಉದಾಹರಣೆ. 1670ರಲ್ಲಿ ಶುರುವಾದ ಕಂಪನಿ, 2025ರ ಜೂನ್ 1ಕ್ಕೆ ಅಂಗಡಿಗಳೆಲ್ಲಾ ಬಂದ್. ಹೆಸರು, ಲಾಂಛನ, ಆ ಪ್ರಸಿದ್ಧ ಹಸಿರು ಕೆಂಪು ಹಳದಿ ನೀಲಿ ಪಟ್ಟೆ ಇಷ್ಟನ್ನೂ ಕೆನೇಡಿಯನ್ ಟೈರ್ ಕಂಪನಿ 3 ಕೋಟಿ ಕೆನಡಾ ಡಾಲರಿಗೆ ತಗೊಂಡ್ರು. ಪಟ್ಟೆ ಕಂಬಳಿ ಮತ್ತೆ ಮಾರಾಟಕ್ಕೆ ಸಿಗಬಹುದು, ಕೊಂಡವರೂ ಕೆನಡಾದವರೇ, ಅಷ್ಟರ ಮಟ್ಟಿಗೆ ಇದು ಡೆಬೆನ್‌ಹ್ಯಾಮ್ಸ್‌ಗಿಂತ ವಾಸಿ ಅಂತ ನನಗನ್ಸತ್ತೆ, ಯಾಕಂದ್ರೆ ಅಲ್ಲಿ ಹೆಸರಿನ ಜೊತೆ ಕೈಯಲ್ಲಿ ಹಿಡಿಯೋ ವಸ್ತು ಒಂದಾದ್ರೂ ಇದೆ.

ಹಣ ಇರೋ, ನಿಜವಾಗ್ಲೂ ವ್ಯಾಪಾರ ಮಾಡೋ ಮನಸ್ಸಿರೋ ಯಾರಾದ್ರೂ ನಿಮ್ಮ ಜೊತೆ ಇದ್ರೆ ಮಾತ್ರ ಈ ದಾರಿ. ಬರೀ ಪ್ರೀತಿಯಿಂದ ಟ್ರೇಡ್‌ಮಾರ್ಕ್ ಇಟ್ಕೊಳ್ಳೋಕೆ ಆಗಲ್ಲ, ಬಳಸ್ತಾ ಇರ್ಲೇಬೇಕು, ಇಲ್ದಿದ್ರೆ ಅದೇ ಮೂರು ವರ್ಷದ ಕತ್ತಿ ನಿಮ್ಮ ಕುತ್ತಿಗೆಗೂ ಬರತ್ತೆ.

ದಾರಿ ಮೂರು: ಕಟ್ಟಡ

ನನ್ನ ಮಟ್ಟಿಗೆ ಮೊದಲ ಕೆಲಸ ಇದೇ. ಕಾನೂನಿಗೆ ಕಲ್ಲು ಇಟ್ಟಿಗೆ ಕಾಪಾಡೋಕೆ ಬರತ್ತೆ, ಬೋರ್ಡ್ ಮೇಲಿನ ಹೆಸರು ಕಾಪಾಡೋಕೆ ಅಷ್ಟಾಗಿ ಬರಲ್ಲ. ಆದ್ರೆ ಹೆಸರು ಕಲ್ಲಿಗೋ ಕಂಚಿಗೋ ಅಂಟ್ಕೊಂಡಿದ್ರೆ ಅದೂ ಜೊತೆಗೆ ಬಚಾವಾಗತ್ತೆ.

ಇಲ್ಲಿ ತುಂಬಾ ಜನ ಗೊಂದಲ ಮಾಡ್ಕೊಳ್ಳೋ ಒಂದು ವಿಷಯ ಇದೆ, ಸ್ವಲ್ಪ ನಿಧಾನವಾಗಿ ಹೇಳ್ತೀನಿ. ಅಮೆರಿಕದಲ್ಲಿ ನ್ಯಾಷನಲ್ ಹಿಸ್ಟಾರಿಕ್ ಲ್ಯಾಂಡ್‌ಮಾರ್ಕ್ ಅಂತ ಒಂದು ಗೌರವ ಇದೆ, ಸ್ಟೇಟ್ ಸ್ಟ್ರೀಟ್ ಅಂಗಡಿಗೆ ಅದು 1978ರಲ್ಲೇ ಸಿಕ್ತು, ಫಿಲಡೆಲ್ಫಿಯಾದ ವಾನಮೇಕರ್ಸ್ ಅಂಗಡಿಯ ಕಟ್ಟಡಕ್ಕೂ ಅದೇ ವರ್ಷ. ಕೇಳೋಕೆ ಭಾರೀ ದೊಡ್ಡದು. ಆದ್ರೆ ಖಾಸಗಿ ಮಾಲೀಕ ತನ್ನ ದುಡ್ಡಲ್ಲಿ ತನ್ನ ಕಟ್ಟಡ ಬದಲಾಯಿಸ್ತೀನಿ ಅಥವಾ ಕೆಡವ್ತೀನಿ ಅಂದ್ರೆ ಆ ಗೌರವ ತಡೆಯಲ್ಲ, ಕೇಂದ್ರ ಸರ್ಕಾರದ ಹಣ ಅಥವಾ ಪರ್ಮಿಟ್ ಬೇಕಾದ ಕಡೆ ಮಾತ್ರ ಅದು ಅಡ್ಡ ಬರತ್ತೆ. ನಿಜವಾದ ಬಲ ಇರೋದು ನಗರದ ಕಾನೂನಿಗೆ. ಶಿಕಾಗೋ ಲ್ಯಾಂಡ್‌ಮಾರ್ಕ್ ಪಟ್ಟಿಗೆ ಸೇರಿದ ಮೇಲೆ ಸಂರಕ್ಷಿತ ಭಾಗಗಳನ್ನ ಮುಟ್ಟೋ ಕೆಲಸಕ್ಕೆ ನಗರದ ಲ್ಯಾಂಡ್‌ಮಾರ್ಕ್ಸ್ ಕಮಿಷನ್ ಒಪ್ಪಿಗೆ ಬೇಕು. ಫೀಲ್ಡ್ಸ್ ಕಟ್ಟಡ ಆ ಪಟ್ಟಿಗೆ ಸೇರಿದ್ದು 2005ರ ನವೆಂಬರ್ 1ಕ್ಕೆ, ಅಂದ್ರೆ ಹೆಸರು ಬದಲಾಯಿಸ್ತೀವಿ ಅಂತ ಸೆಪ್ಟೆಂಬರಲ್ಲಿ ಘೋಷಣೆ ಆಗಿ ಒಂದೂವರೆ ತಿಂಗಳೂ ಆಗಿರ್ಲಿಲ್ಲ. ಬೋರ್ಡ್ ಹೋಯ್ತು, ಗಡಿಯಾರ ಉಳೀತು, ಫಲಕ ಉಳೀತು.

ಆ ಗಡಿಯಾರದ ಬಗ್ಗೆ ಒಂದು ಮಾತು. ವಾಷಿಂಗ್ಟನ್ ಸ್ಟ್ರೀಟ್ ಮೂಲೆಯಲ್ಲಿ 1897ರಲ್ಲಿ ಹಾಕಿದ್ದು, ಕಂಚು ಹಸಿರುಗಟ್ಟಿದೆ, ಗೋಡೆಯಿಂದ ಮುಂದಕ್ಕೆ ಚಾಚ್ಕೊಂಡು ಫುಟ್‌ಪಾತ್ ಮೇಲೆ ನೇತಾಡತ್ತೆ, ತೂಕ ಏಳು ಟನ್ ದಾಟತ್ತೆ. ಜನ ಒಬ್ಬರನ್ನೊಬ್ಬರು ಭೇಟಿ ಮಾಡೋಕೆ ಆ ಮೂಲೆಗೆ ಬಂದು, ಕಾದು ಕಾದು ಚೀಟಿ ಬರೆದು ಕಿಟಕಿಗೆ ಸಿಕ್ಕಿಸಿ ಹೋಗ್ತಿದ್ರಂತೆ, ಅದನ್ನ ನೋಡಿಯೇ ಅಂಗಡಿ ಮಾಲೀಕ ಮಾರ್ಷಲ್ ಫೀಲ್ಡ್ ಅಲ್ಲಿ ಗಡಿಯಾರ ಹಾಕ್ಸಿದ್ದು ಅಂತ ಹೇಳ್ತಾರೆ. ಕಥೆ ನಿಜವೋ ಸುಳ್ಳೋ, "ಗಡಿಯಾರದ ಕೆಳಗೆ ಸಿಗೋಣ" ಅನ್ನೋ ಮಾತು ಮಾತ್ರ ಊರಲ್ಲಿ ಬೇರೂರಿದೆ. ಒಳಗೆ ಹೋದ್ರೆ 1907ರ ಟಿಫನಿ ಗುಮ್ಮಟ, 16 ಲಕ್ಷ ಗಾಜಿನ ಚೂರು ಕೂರಿಸಿ ಮಾಡಿದ್ದು, ಕೆಳಗೆ ಸುಗಂಧ ದ್ರವ್ಯದ ಕೌಂಟರಲ್ಲಿ ನಿಂತಿರೋರು ಎಷ್ಟೋ ಜನ ತಲೆ ಎತ್ತಿ ನೋಡೋದೇ ಇಲ್ಲ.

ಕಟ್ಟಡದ ದಾರಿಗೂ ಮಿತಿ ಇದೆ, ಅದಕ್ಕೆ ದೂರ ಹೋಗ್ಬೇಕಾಗಿಲ್ಲ. ಅದೇ ಸ್ಟೇಟ್ ಸ್ಟ್ರೀಟಲ್ಲಿ ಸ್ವಲ್ಪ ಕೆಳಗೆ ನಡೆದ್ರೆ ಕಾರ್ಸನ್ ಪಿರೀ ಸ್ಕಾಟ್ ಅಂಗಡಿಯ ಕಟ್ಟಡ ಸಿಗತ್ತೆ. ಲೂಯಿಸ್ ಸಲಿವನ್ ವಿನ್ಯಾಸ ಮಾಡಿದ್ದು, ಮೂಲೆ ಬಾಗಿಲ ಸುತ್ತ ಬಳ್ಳಿ ಎಲೆ ಹಬ್ಬಿದಂಗೆ ಎರಕದ ಕಬ್ಬಿಣದ ಕೆಲಸ, ಕಣ್ಣು ಕೀಳೋಕಾಗಲ್ಲ. ಅಂಗಡಿ 2007ರಲ್ಲಿ ಅಲ್ಲಿಂದ ಎದ್ದು ಹೋಯ್ತು, 2012ರಲ್ಲಿ ಟಾರ್ಗೆಟ್ ಬಂತು, ಕಟ್ಟಡ ಸೊಗಸಾಗಿ ಉಳಿದಿದೆ. ಆದ್ರೆ ಈಗ ಅದರ ಹೆಸರು ಸಲಿವನ್ ಸೆಂಟರ್. ಕಟ್ಟಿಸಿದವರು ಶ್ಲೆಸಿಂಜರ್ ಅಂಡ್ ಮೇಯರ್, ನೂರು ವರ್ಷ ವ್ಯಾಪಾರ ಮಾಡಿದವರು ಕಾರ್ಸನ್ಸ್, ಉಳಿದಿದ್ದು ಆರ್ಕಿಟೆಕ್ಟ್ ಹೆಸರು! ಹಾಗಾಗಿ ಲ್ಯಾಂಡ್‌ಮಾರ್ಕ್ ಅರ್ಜಿ ಬರೆಯುವಾಗ "ಕಟ್ಟಡ" ಅಂತ ಒಂದೇ ಪದ ಬರೆದು ಬಿಡಬೇಡಿ. ಹೆಸರಿನ ಫಲಕ, ಕೆತ್ತಿದ ಅಕ್ಷರ, ಗಡಿಯಾರ, ಲಿಫ್ಟಿನ ಬಾಗಿಲು, ಒಳಗಿನ ಹಾಲ್, ಏನೇನು ಉಳೀಬೇಕೋ ಅದನ್ನೆಲ್ಲಾ ಒಂದೊಂದಾಗಿ ಬರೆಸಿ. ಒಳಭಾಗಕ್ಕೆ ರಕ್ಷಣೆ ಕೊಡೋಕೆ ಎಲ್ಲಾ ನಗರದ ಕಾನೂನಲ್ಲೂ ಜಾಗ ಇರಲ್ಲ, ಅದನ್ನೂ ಮೊದಲೇ ವಿಚಾರಿಸ್ಕೊಳ್ಳಿ.

ಎಡಿನ್‌ಬರಾದ ಜೆನ್ನರ್ಸ್ ಕಥೆ ಇದಕ್ಕೆ ಒಳ್ಳೇ ಪುರಾವೆ. 1838ರಲ್ಲಿ ಶುರುವಾದ ಅಂಗಡಿ, ಅತಿ ಉನ್ನತ ದರ್ಜೆಯ ಪಟ್ಟಿಯಲ್ಲಿರೋ ಕಟ್ಟಡ. 2021ರಲ್ಲಿ ಬಾಡಿಗೆಗಿದ್ದ ಕಂಪನಿ ಖಾಲಿ ಮಾಡುವಾಗ ಗೋಡೆಯ ಮೇಲಿದ್ದ ಜೆನ್ನರ್ಸ್ ಅನ್ನೋ ಅಕ್ಷರಗಳನ್ನ ಕಿತ್ರು. ಊರಿಗೆ ಊರೇ ಎದ್ದು ಕೂತಿತು, ನಗರ ಸಭೆ ಮಧ್ಯೆ ಬಂತು, ಅಕ್ಷರ ವಾಪಸ್ ಗೋಡೆಗೆ ಬಂತು. ವ್ಯಾಪಾರ ಇಲ್ಲ, ಹೆಸರಿದೆ. ಕಾನೂನಿನ ಕೈ ಅಕ್ಷರದವರೆಗೂ ಚಾಚಿದ್ರೆ ಹಿಂಗಾಗತ್ತೆ.

ದುಡ್ಡಿನ ವಿಷಯಕ್ಕೆ ಬಂದ್ರೆ, ಅಮೆರಿಕದಲ್ಲಿ ಕೇಂದ್ರದ ಐತಿಹಾಸಿಕ ಪಟ್ಟಿಯಲ್ಲಿರೋ, ಆದಾಯ ತರೋ ಹಳೇ ಕಟ್ಟಡವನ್ನ ನಿಯಮದ ಪ್ರಕಾರ ರಿಪೇರಿ ಮಾಡಿಸಿದ್ರೆ ಅರ್ಹ ಖರ್ಚಿನ ಶೇಕಡಾ 20ರಷ್ಟು ಕೇಂದ್ರದ ಟ್ಯಾಕ್ಸ್ ಕ್ರೆಡಿಟ್ (ಕಟ್ಟಬೇಕಾದ ತೆರಿಗೆಯಲ್ಲಿ ಕಡಿತ) ಸಿಗತ್ತೆ, ಐದು ವರ್ಷಕ್ಕೆ ಹಂಚಿ. ಮಾಲೀಕರ ಹತ್ರ ಮಾತಾಡೋಕೆ ಹೋಗುವಾಗ ಇದನ್ನ ಕೈಯಲ್ಲಿಟ್ಕೊಂಡು ಹೋಗಿ, ಹೂವಿನ ಹಾರಕ್ಕಿಂತ ಇದು ಅವರ ಕಣ್ಣಿಗೆ ಬೇಗ ಬೀಳತ್ತೆ.

ದಾರಿ ನಾಲ್ಕು: ಹೆಸರನ್ನ ಬೇರೆ ಯಾವುದಕ್ಕಾದ್ರೂ ಅಂಟಿಸೋದು

ಇದನ್ನ ಜನ ಎರಡನೇ ದರ್ಜೆ ಅಂತ ನೋಡ್ತಾರೆ, ನನಗೆ ಹಂಗನ್ಸಲ್ಲ. ಮಾರ್ಷಲ್ ಫೀಲ್ಡ್ ಅನ್ನೋ ಹೆಸರನ್ನ ಇವತ್ತು ಶಿಕಾಗೋದಲ್ಲಿ ಶಾಲಾ ಮಕ್ಕಳು ದಿನಾ ಹೇಳೋದು ಅಂಗಡಿಯಿಂದಲ್ಲ, ಫೀಲ್ಡ್ ಮ್ಯೂಸಿಯಂನಿಂದ. ಆತ 1893ರಲ್ಲಿ ಹತ್ತು ಲಕ್ಷ ಡಾಲರ್ ಕೊಟ್ಟ, 1906ರಲ್ಲಿ ಸತ್ತಾಗ ಉಯಿಲಲ್ಲಿ ಇನ್ನೂ 80 ಲಕ್ಷ ಬಿಟ್ಟು ಹೋದ. ನಾಲ್ಕು ಕಂಪನಿ ಕೈ ಬದಲಾದ್ರೂ ಆ ಹೆಸರನ್ನ ಯಾರೂ ಮುಟ್ಟೋಕಾಗ್ಲಿಲ್ಲ, ಯಾಕಂದ್ರೆ ಅದು ಮಾರಾಟದ ಆಸ್ತಿ ಪಟ್ಟಿಯಲ್ಲೇ ಇರ್ಲಿಲ್ಲ.

ಟೊರಾಂಟೋದ ಈಟನ್ಸ್ 1869ರಲ್ಲಿ ಹುಟ್ಟಿ 1999ರಲ್ಲಿ ದಿವಾಳಿ ಆಯ್ತು. ಸಿಯರ್ಸ್ ಕೆನಡಾ ಹೆಸರು ಕೊಂಡು ಮತ್ತೆ ಅಂಗಡಿ ತೆಗೀತು, 2002ರಲ್ಲಿ ಅದೂ ಮುಗೀತು. ಆದ್ರೆ ಆ ಅಂಗಡಿ ಇದ್ದ ಮಾಲ್ ಇವತ್ತಿಗೂ ಈಟನ್ ಸೆಂಟರ್ರೇ. ಈಟನ್ಸ್ 1905ರಲ್ಲಿ ಶುರು ಮಾಡಿದ ಸಾಂಟಾ ಕ್ಲಾಸ್ ಮೆರವಣಿಗೆಯನ್ನ 1982ರಲ್ಲಿ ಕಂಪನಿ ಕೈಬಿಟ್ಟಾಗ ಬೇರೆಯವರು ಎತ್ಕೊಂಡ್ರು, ಅದು ಇನ್ನೂ ನಡೀತಿದೆ. ಮಿನಿಯಾಪೊಲಿಸ್‌ನಲ್ಲಿ ಇನ್ನೂ ಚೆಂದ: ಡೇಟನ್ಸ್ ಕಟ್ಟಡ 2001ಕ್ಕೆ ಫೀಲ್ಡ್ಸ್ ಆಗಿ, 2006ಕ್ಕೆ ಮೇಸೀಸ್ ಆಗಿ, 2017ಕ್ಕೆ ಮುಚ್ಚಿತು, ಆಮೇಲೆ ತಗೊಂಡ ಡೆವಲಪರ್ ಆಫೀಸು ಅಂಗಡಿ ಎಲ್ಲಾ ಸೇರಿಸಿ ಮತ್ತೆ ಕಟ್ಟಿದ್ದಕ್ಕೆ ದಿ ಡೇಟನ್ಸ್ ಪ್ರಾಜೆಕ್ಟ್ ಅಂತಾನೇ ಹೆಸರಿಟ್ರು. ಹದಿನಾರು ವರ್ಷ ಬೇರೆ ಹೆಸರಲ್ಲಿದ್ರೂ ಊರಿನ ಬಾಯಲ್ಲಿ ಅದು ಡೇಟನ್ಸೇ ಆಗಿತ್ತು, ಡೆವಲಪರ್‌ಗೆ ಅದು ಪುಕ್ಕಟೆ ಜಾಹೀರಾತು. ಅಂಗಡಿ ನಡೆಸೋ ಕಂಪನಿಗಿಂತ ಕಟ್ಟಡ ಬಾಡಿಗೆಗೆ ಕೊಡೋ ಡೆವಲಪರ್‌ಗೆ ಊರಿನ ಹೆಸರು ಹೆಚ್ಚು ಬೇಕಾಗತ್ತೆ, ಇದನ್ನ ನೆನಪಲ್ಲಿಡಿ.

ಡೆಟ್ರಾಯಿಟ್ ಮಾತ್ರ ಮನಸ್ಸಿಗೆ ಕಸಿವಿಸಿ. ಹಡ್ಸನ್ಸ್ ಕಟ್ಟಡವನ್ನ 1998ರ ಅಕ್ಟೋಬರ್ 24ಕ್ಕೆ ಸ್ಫೋಟಕ ಇಟ್ಟು ಉರುಳಿಸಿದ್ರು, ವರ್ಷಗಟ್ಟಲೆ ಜಾಗ ಖಾಲಿ ಇತ್ತು, ಈಗ ಅಲ್ಲಿ ಎದ್ದಿರೋ ಗಗನಚುಂಬಿಗೆ ಹಡ್ಸನ್ಸ್ ಡೆಟ್ರಾಯಿಟ್ ಅಂತ ಹೆಸರು. ಹೆಸರು ಬಂತು, ಆದ್ರೆ ಆ ಹೆಸರಿಗೆ ನೆನಪು ಕೊಡ್ತಿದ್ದ ಒಂದು ಇಟ್ಟಿಗೆಯೂ ಇಲ್ಲ. ಏನೂ ಇಲ್ಲದೇ ಇರೋದಕ್ಕಿಂತ ವಾಸಿನಾ? ಆ ಊರಿನವರು ಹೌದು ಅಂದ್ರೆ ನಾನ್ಯಾರು ಬೇಡ ಅನ್ನೋಕೆ.

ದಾರಿ ಐದು: ತಿಂಡಿ, ಹಾಡು, ಪದ್ಧತಿ

ಫ್ರ್ಯಾಂಗೋ ಅಂತ ಒಂದು ಪುದೀನ ಚಾಕೊಲೇಟ್. ಫೀಲ್ಡ್ಸ್ ಅಂದ್ರೆ ಫ್ರ್ಯಾಂಗೋ ಅನ್ನೋ ಮಟ್ಟಿಗೆ ಹೆಸರು, ಆದ್ರೆ ಅದು ಹುಟ್ಟಿದ್ದು ಸಿಯಾಟಲ್‌ನ ಫ್ರೆಡರಿಕ್ ಅಂಡ್ ನೆಲ್ಸನ್ ಅಂಗಡಿಯಲ್ಲಿ, 1929ರಲ್ಲಿ ಆ ಅಂಗಡಿಯನ್ನ ಫೀಲ್ಡ್ಸ್ ಕೊಂಡಾಗ ಜೊತೆಗೆ ಬಂತು. ಸ್ಟೇಟ್ ಸ್ಟ್ರೀಟ್ ಕಟ್ಟಡದ 13ನೇ ಮಹಡಿಯ ಅಡುಗೆಮನೆಯಲ್ಲೇ ದಶಕಗಟ್ಟಲೆ ಮಾಡ್ತಿದ್ರು, 1999ರಲ್ಲಿ ತಯಾರಿಕೆಯನ್ನ ಪೆನ್ಸಿಲ್ವೇನಿಯಾಕ್ಕೆ ಕಳಿಸಿದಾಗ ಮೇಯರ್ ಕೂಡ ಸಿಟ್ಟಾದ್ರು. 2017ರಲ್ಲಿ ಪಾಪ್‌ಕಾರ್ನ್‌ಗೆ ಹೆಸರಾದ ಶಿಕಾಗೋದ್ದೇ ಗ್ಯಾರೆಟ್ ಕಂಪನಿ ಆ ಬ್ರ್ಯಾಂಡ್ ತಗೊಳ್ತು. ಲೆಕ್ಕ ಹಾಕಿ, ಹುಟ್ಟಿಸಿದ ಅಂಗಡಿ 1992ಕ್ಕೆ ಮುಚ್ಚಿತು, ಸಾಕಿದ ಅಂಗಡಿಯ ಹೆಸರು 2006ಕ್ಕೆ ಹೋಯ್ತು, ಚಾಕೊಲೇಟ್ ಇನ್ನೂ ಇದೆ. 7ನೇ ಮಹಡಿಯ ವಾಲ್‌ನಟ್ ರೂಮ್ ರೆಸ್ಟೋರೆಂಟೂ ಅಷ್ಟೇ, 1907ರಿಂದ ಇದೆ, ಕ್ರಿಸ್‌ಮಸ್‌ಗೆ ನಡುವೆ ದೊಡ್ಡ ಮರ ನಿಲ್ಲಿಸ್ತಾರೆ, ಶ್ರೀಮತಿ ಹೆರಿಂಗ್ ಹೆಸರಿನ ಚಿಕನ್ ಪಾಟ್ ಪೈ ಮೆನುವಿನಲ್ಲಿದೆ. ಟೋಪಿ ವಿಭಾಗದಲ್ಲಿ ಕೆಲಸ ಮಾಡ್ತಿದ್ದ ಆಕೆ 1890ರಲ್ಲಿ ತನ್ನ ಮನೆ ಬುತ್ತಿಯನ್ನ ಹಸಿದ ಗಿರಾಕಿಗೆ ಹಂಚಿದಳು ಅನ್ನೋದೇ ಅದರ ಮೂಲ ಕಥೆ. ಕಂಪನಿ ಮಾಲೀಕರ ಹೆಸರು ಹೋದ ಮೇಲೂ ಕೌಂಟರಲ್ಲಿ ನಿಂತ ಒಬ್ಬ ಹೆಂಗಸಿನ ಹೆಸರು ಮೆನುವಿನಲ್ಲಿ ಉಳಿದಿದೆ ನೋಡಿ!

ಫಿಲಡೆಲ್ಫಿಯಾದ ವಾನಮೇಕರ್ಸ್‌ನಲ್ಲಿ ಈ ದಾರಿ ಪೂರ್ತಿ ಬೆಳೆದಿರೋದು ಕಾಣತ್ತೆ. 28,750 ಕೊಳವೆಗಳ ಆರ್ಗನ್ ಅನ್ನೋ ವಾದ್ಯ, 1904ರ ಸೇಂಟ್ ಲೂಯಿಸ್ ವಸ್ತುಪ್ರದರ್ಶನದಿಂದ ತಂದಿದ್ದನ್ನ ಬೆಳೆಸಿದ್ದು, ಪಕ್ಕದಲ್ಲಿ ಅದೇ ಪ್ರದರ್ಶನದ ಕಂಚಿನ ಹದ್ದು. 1995ರಲ್ಲಿ ವಾನಮೇಕರ್ಸ್ ಹೆಸರು ಹೋದ ಮೇಲೆ ಹೆಕ್ಟ್ಸ್, ಸ್ಟ್ರಾಬ್ರಿಜ್ಸ್, ಲಾರ್ಡ್ ಅಂಡ್ ಟೇಲರ್, ಮೇಸೀಸ್ ಒಬ್ಬರಾದ ಮೇಲೊಬ್ಬರು ಬಂದ್ರು, 2025ರ ಮಾರ್ಚಲ್ಲಿ ಮೇಸೀಸೂ ಹೊರಟಿತು. ಇಷ್ಟರ ಮಧ್ಯೆ ಆರ್ಗನ್‌ಗೆ ಮಾತ್ರ ಅದರದ್ದೇ ಗೆಳೆಯರ ಬಳಗ ಇತ್ತು, ಹಣ ಕೂಡಿಸ್ತಿದ್ರು, ರಿಪೇರಿ ನೋಡ್ಕೋತಿದ್ರು. ಯಾವ ಅಂಗಡಿ ಬಂದ್ರೂ ಆರ್ಗನ್ ಜೊತೆ ಬದುಕ್ಬೇಕು ಅನ್ನೋ ಪರಿಸ್ಥಿತಿ ತಂದಿಟ್ಟಿದ್ದು ಆ ಬಳಗ. ಇಡೀ ಅಂಗಡಿ ಉಳಿಸ್ತೀವಿ ಅಂತ ಹೊರಡೋ ಗುಂಪಿಗಿಂತ ಒಂದೇ ಒಂದು ವಸ್ತು ಹಿಡ್ಕೊಂಡು ಕೂರೋ ಗುಂಪು ಬಹಳ ಗಟ್ಟಿ ಅಂತ ನನಗೆ ಇದರಿಂದಲೇ ಅನ್ಸಿದ್ದು.

ದಾಖಲೆಗಳು, ಅಂದ್ರೆ ಕಾಗದ ಪತ್ರ

ಇದಕ್ಕೆ ಯಾರೂ ಮೆರವಣಿಗೆ ಮಾಡಲ್ಲ, ಆದ್ರೆ ಸಮಯ ಮೀರಿದ್ರೆ ವಾಪಸ್ ಬರದೇ ಇರೋದು ಇದೊಂದೇ. ಬೋರ್ಡ್ ಹತ್ತು ವರ್ಷ ಬಿಟ್ಟೂ ಹಾಕಬಹುದು, ಡಸ್ಟ್‌ಬಿನ್‌ಗೆ ಹೋದ ಕ್ಯಾಟಲಾಗು, ಕಿಟಕಿ ಅಲಂಕಾರದ ಫೋಟೋ, ಸಂಬಳದ ರಿಜಿಸ್ಟರು ಹೋದ್ರೆ ಹೋದಂಗೆ. ಹಡ್ಸನ್ಸ್ ಬೇ ಕಂಪನಿ 1994ರಲ್ಲೇ ತನ್ನ ದಾಖಲೆಗಳನ್ನ ಮ್ಯಾನಿಟೋಬಾ ಪ್ರಾಂತ್ಯಕ್ಕೆ ದಾನ ಮಾಡಿತ್ತು, ಹಾಗಾಗಿ 2025ರಲ್ಲಿ ಎಲ್ಲಾ ಹರಾಜಾಗುವಾಗ ಆ ಕಾಗದಗಳು ಸಾಲ ಕೊಟ್ಟವರ ಕೈಗೆ ಸಿಗ್ಲಿಲ್ಲ. ಈಟನ್ಸ್ ದಾಖಲೆ ಆರ್ಕೈವ್ಸ್ ಆಫ್ ಒಂಟಾರಿಯೋದಲ್ಲಿದೆ, ಫೀಲ್ಡ್ಸ್‌ನದ್ದು ಶಿಕಾಗೋ ಹಿಸ್ಟರಿ ಮ್ಯೂಸಿಯಂನಲ್ಲಿದೆ. ಕಂಪನಿ ಚೆನ್ನಾಗಿ ನಡೀತಿರುವಾಗಲೇ ದಾನ ಕೇಳ್ಬೇಕು, ದಿವಾಳಿ ಅರ್ಜಿ ಬಿದ್ಮೇಲೆ ಹಳೇ ಫೋಟೋ ಕೂಡ ಮಾರಾಟದ ಆಸ್ತಿ. ಜೊತೆಗೆ ಹಳೇ ನೌಕರರ ಹತ್ರ ಕೂತು ಫೋನಲ್ಲಾದ್ರೂ ಮಾತು ರೆಕಾರ್ಡ್ ಮಾಡಿ, ಯಾವ ವರ್ಷ, ಯಾವ ವಿಭಾಗ, ಸಂಬಳ ಎಷ್ಟು ಅನ್ನೋದೆಲ್ಲಾ ಕೇಳಿ, ಇದನ್ನ ಎಲ್ಲಿ ಇಡ್ತೀವಿ ಅಂತ ಹೇಳಿ ಅವರಿಂದ ಸಹಿ ತಗೊಳ್ಳಿ, ಸಹಿ ಇಲ್ದಿದ್ರೆ ಮ್ಯೂಸಿಯಂನವರು ಮುಟ್ಟೋದು ಕಷ್ಟ.

ಹಂಗಾದ್ರೆ ಯಾರು ಯಾವುದು ಹಿಡೀಬೇಕು?

ಅಂಗಡಿ ಇನ್ನೂ ಹಳೇ ಹೆಸರಲ್ಲೇ ನಡೀತಿದೆ, ಮಾರಾಟದ ಸುದ್ದಿ ಮಾತ್ರ ಇದೆ ಅಂದ್ರೆ ನೀವು ಅದೃಷ್ಟವಂತರು: ಮೊದಲು ನಗರದ ಲ್ಯಾಂಡ್‌ಮಾರ್ಕ್ ಅರ್ಜಿ, ಅದರ ಬೆನ್ನಿಗೇ ದಾಖಲೆಗಳ ದಾನ, ಇವೆರಡೂ ಮಾರಾಟಕ್ಕೆ ಸಹಿ ಆಗೋ ಮುಂಚೆ ಮುಗೀಬೇಕು. ಹೆಸರು ಆಗಲೇ ಹೋಗಿ ಅಂಗಡಿ ನಡೀತಿದ್ರೆ ಬೋರ್ಡಿನ ಬೇಡಿಕೆ ಬಿಡಬೇಡಿ, ಆದ್ರೆ ಅದರ ಜೊತೆ ಸಣ್ಣ ಸಣ್ಣ ಬೇಡಿಕೆ ಇಡಿ, ರೆಸ್ಟೋರೆಂಟ್ ಹೆಸರು, ಒಂದು ಮಹಡಿಯಲ್ಲಿ ಹಳೇ ಕಾಲದ ಪ್ರದರ್ಶನ, ಹಬ್ಬದ ಹೊತ್ತಿಗೆ ಹಳೇ ಹೆಸರಿನ ಚೀಲ. ಇವಕ್ಕೆ ಮ್ಯಾನೇಜರ್ ಮಟ್ಟದಲ್ಲೇ ಹೂಂ ಅನ್ನೋ ಸಾಧ್ಯತೆ ಇರತ್ತೆ. ಅಂಗಡಿಯೇ ಖಾಲಿ ಆಗಿದ್ರೆ ಕಂಪನಿ ಹಿಂದೆ ಅಲೆಯೋದು ಬಿಟ್ಟು ಕಟ್ಟಡ ಕೊಳ್ಳೋ ಡೆವಲಪರ್ ಯಾರು ಅಂತ ಹುಡುಕಿ. ಅವರು ಹಳೇ ಹೆಸರು ಹಾಕೋಕೆ ಒಪ್ಪಿದ್ರೂ ಆ ಹೆಸರಿನ ಟ್ರೇಡ್‌ಮಾರ್ಕ್ ಈಗ ಯಾರ ಹತ್ರ ಇದೆ, ಯಾವ ಯಾವ ವರ್ಗದ ಸರಕಿಗೆ ನೋಂದಣಿ ಆಗಿದೆ ಅನ್ನೋದನ್ನ ಪುಕ್ಕಟೆಯಾಗಿ ಸಿಗೋ ಸರ್ಕಾರದ ಹುಡುಕಾಟದಲ್ಲಿ ಮೊದಲೇ ನೋಡ್ಕೊಳ್ಳಿ, ಬಟ್ಟೆ ಮಾರೋಕೆ ನೋಂದಣಿ ಆದ ಹೆಸರನ್ನ ಕಟ್ಟಡಕ್ಕೆ ಇಡೋದು ಬೇರೆ ಪ್ರಶ್ನೆ, ಅದಕ್ಕೆ ಟ್ರೇಡ್‌ಮಾರ್ಕ್ ವಕೀಲರ ಹತ್ರ ಒಂದು ಸಲ ಕೂತು ಮಾತಾಡಿದ್ರೆ ಸಾಕು, ಕೇಸ್ ಹಾಕೋ ಹಂತಕ್ಕೆ ಹೋಗೋ ಅಗತ್ಯ ಬರಲ್ಲ.